ಎಡಕ್ಕೆ ವಾಲಿದ ಲಾಂಚ್

ಸೊಸೆಗೆ ಇವತ್ತು ಲಾಂಚ್ ಓಡಿಸುವ ಪರೀಕ್ಷೆ ಎಂಬ ಸುದ್ದಿಯನ್ನು ಅತ್ತೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಆಚೆ ದಡದ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅತ್ತೆಯದು. ದಿನಾ ಬೆಳಿಗ್ಗೆ ಇದೇ ಲಾಂಚಿನಲ್ಲಿ ನದಿ ದಾಟುತ್ತಾಳೆ. ಹತ್ತಿದವರಿಗೆಲ್ಲ ಡಂಗುರ ಸಾರಿದಳು.

"ನಮ್ಮ ಹುಡುಗಿ ಕಣ್ರೀ, ಇವತ್ತು ಅವಳೇ ಚುಕ್ಕಾಣಿ ಹಿಡಿಯೋದು!"

ಸೊಸೆ ಇದುವರೆಗೆ ಅದೇ ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. "ಬನ್ನಿ ಅಣ್ಣಾ, ಕೂತ್ಕೊಳ್ಳಿ ಅಕ್ಕಾ" ಎನ್ನುವುದು ಬಿಟ್ಟರೆ ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವಳಲ್ಲ. ಅತ್ತೆಯ ಮುಂದಂತೂ ಬಾಯಿಗೆ ಬೀಗ. ಪಾಸಾದರೆ ಚುಕ್ಕಾಣಿ, ಫೇಲಾದರೆ ಮತ್ತೆ ಅದೇ ಟಿಕೆಟ್ ಚೀಲ. ಪರೀಕ್ಷೆ ಮಾಡಲು ಬಂದ ಸಾಹೇಬರು ಪಕ್ಕದಲ್ಲೇ ಕೈಕಟ್ಟಿಕೊಂಡು ನಿಂತಿದ್ದರು. ಆ ಮುಖ ನೋಡಿದರೆ ಹಾಲೂ ಒಡೆಯಬೇಕು.

ನಡುನೀರಿನವರೆಗೆ ಎಲ್ಲ ಸಲೀಸು. ತೊಂದರೆ ಬಂದದ್ದು ಆಚೆ ದಡದ ಜೆಟ್ಟಿ ಹತ್ತಿರವಾದಾಗ. ಹುಡುಗಿ ಹೇಗೆ ನಿಲ್ಲಿಸುತ್ತಾಳೋ ನೋಡೋಣ ಎಂದು, ಪ್ರೀತಿಯಿಂದಲೇ, ಎಲ್ಲರೂ ಎದ್ದು ಜೆಟ್ಟಿ ಇದ್ದ ಎಡಗಡೆಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಅತ್ತೆ. ಲಾಂಚ್ ಎಡಕ್ಕೆ ವಾಲಿತು, ಚುಕ್ಕಾಣಿ ಮಾತು ಕೇಳದಾಯಿತು. ಹೀಗೇ ಮುಟ್ಟಿಸಿದರೆ ಅಂಚು ಹಿಡಿದು ನಿಂತವರ ಬೆರಳು ಜಜ್ಜಿಹೋಗುತ್ತವೆ.

"ದಯವಿಟ್ಟು ಕೂತ್ಕೊಳ್ಳಿ," ಎಂದು ಸೊಸೆ ಮೈಕಿನಲ್ಲಿ ಬೇಡಿಕೊಂಡಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ನಗುತ್ತ ಕೈ ಬೀಸಿದಳು.

ಸೊಸೆ ಇಂಜಿನನ್ನು ರಿವರ್ಸಿಗೆ ಹಾಕಿ, ಲಾಂಚನ್ನು ಮತ್ತೆ ನಡುನೀರಿಗೆ ಒಯ್ದಳು.

"ನೀವೆಲ್ಲ ಕೂರೋವರೆಗೂ ನಾನು ದಡ ಮುಟ್ಟಲ್ಲ! ಆಫೀಸಿಗೆ ಲೇಟಾದ್ರೆ ಆಗ್ಲಿ. ಅತ್ತೇ, ನಿಮಗೂ ಸೇರಿಸೇ ಹೇಳ್ತಿರೋದು. ಮೊದಲು ನೀವು ಕೂತ್ಕೊಳ್ಳಿ!"

ಅತ್ತೆ ಕಣ್ಣು ಕಣ್ಣು ಬಿಟ್ಟು, ಬಲಗಡೆಯ ಬೆಂಚಿಗೆ ಹೋಗಿ ಕುಕ್ಕರಿಸಿದಳು. ಅವಳ ಹಿಂದೆಯೇ ಉಳಿದವರೂ ಅವರವರ ಜಾಗ ಹಿಡಿದರು. ಲಾಂಚ್ ನೆಟ್ಟಗಾಯಿತು; ಎರಡನೆಯ ಸಲ ಜೆಟ್ಟಿಗೆ ಮೆಲ್ಲಗೆ ಒರಗಿತು.

"ಮೊದಲನೇ ಸಲವೇ ಮುಟ್ಟಿಸಿದ್ದಿದ್ರೆ ಫೇಲ್ ಮಾಡ್ತಿದ್ದೆ," ಎಂದರು ಸಾಹೇಬರು. "ನಾಳೆಯಿಂದ ಬೆಳಗಿನ ಟ್ರಿಪ್ ನಿಮ್ಮದು."

ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಆದರೆ ಎಲ್ಲರೂ ಇಳಿದ ಮೇಲೆ ಅತ್ತೆ ಮುಖ ಊದಿಸಿಕೊಂಡು ಬಂದದ್ದನ್ನು ನೋಡಿ ಆ ಸಂತೋಷ ಅರ್ಧಕ್ಕೆ ಇಳಿಯಿತು.

"ತಪ್ಪು ತಿಳ್ಕೋಬೇಡಿ ಅತ್ತೆ..."

"ಸುಮ್ನಿರೇ. ನಿಮ್ಮ ಮಾವ, ಪಾಪ, ಒಂದು ಗಳಿಗೆ ಕೂತ್ಕೊಳ್ಳೇ ಅಂತ ಜನ್ಮವಿಡೀ ಹೇಳಿ ಹೇಳಿ ಸತ್ತೇಹೋದ್ರು, ನಾನು ಕೂರಲಿಲ್ಲ," ಎಂದು ಅತ್ತೆ ಅವಳ ಕೆನ್ನೆ ಹಿಂಡಿದಳು. "ನಿನ್ನ ಒಂದೇ ಕೂಗಿಗೆ ಕೂತುಬಿಟ್ಟೆ ನೋಡು!"