ಕೆಂಪು ಚುಕ್ಕೆಯ ಪಕ್ಕದ್ದು

ಗಣಹೋಮದ ಹೊಗೆ ಇನ್ನೂ ಆರಿಲ್ಲ, ನನ್ನ ಕಡೆಗೇ ಬರುತ್ತಿದೆ, ಮೃತ್ಯುಂಜಯದ ಸಂಕಲ್ಪಕ್ಕೆ ಒಬ್ಬೊಬ್ಬರದೇ ನಕ್ಷತ್ರ ಕೇಳುತ್ತ ಬಂದ ಭಟ್ಟರು ಈಗ ನನ್ನ ಮುಖ ನೋಡುತ್ತಿದ್ದಾರೆ, ನಿಂದು ಎಂತ ನಕ್ಷತ್ರ ತಂಗಿ, ಅನುರಾಧಾ ಅಂದರೆ ಮುಗಿಯಿತು, ಮದುವೆಯಾಗಿ ಒಂಬತ್ತು ವರ್ಷ ಅದನ್ನೇ ಹೇಳಿದ್ದೇನೆ, ಸ್ವರ್ಣವಲ್ಲಿ ಮಠದಲ್ಲಿ ಹೇಳಿದ್ದೇನೆ, ಮಗಳ ನಾಮಕರಣದಲ್ಲಿ ಹೇಳಿದ್ದೇನೆ, ಇವತ್ತು ಯಾಕೆ ಹೊರಡುತ್ತಿಲ್ಲ ಹಾಳಾದ್ದು — ಎದುರಿಗೆ ಮಣೆಯ ಮೇಲೆ ಕಮಲಾಕರ ಭಾವ, ನನ್ನ ಗಂಡನ ಅಣ್ಣ, ಹುಬ್ಬಳ್ಳಿಯಲ್ಲಿ ಎದೆ ಕೊಯ್ಸಿಕೊಂಡು ಬಂದು ಇಪ್ಪತ್ತು ದಿನ, ಶಾಲು ಹೊದ್ದರೂ ಹೊಲಿಗೆಯ ತುದಿ ಕಾಣುತ್ತದೆ, ಅವರ ಆಯುಷ್ಯಕ್ಕೆಂದೇ ಈ ಹೋಮ, ಇದರಲ್ಲೂ ಸುಳ್ಳು ಹೇಳಲೇ, ನನ್ನಿಂದಲೇ ಹೀಗಾಯಿತೇ ದೇವರೇ. ಜ್ಯೇಷ್ಠಾ ನಕ್ಷತ್ರದ ಕೂಸು ಗಂಡನ ಅಣ್ಣಂಗೆ ಆಗ್ತಿಲ್ಲೆ ಎಂದು ಮೂರು ಕಡೆಯವರು ಜಾತಕ ತಿರುಗಿಸಿ ಕಳಿಸಿದ ಮೇಲೆ ಸಿದ್ದಾಪುರದಲ್ಲಿ ಅಪ್ಪ ಮಧ್ಯಾಹ್ನ ಹುಟ್ಟಿದವಳನ್ನು ನಸುಕಿಗೆ ಹುಟ್ಟಿಸಿ ಅನುರಾಧಾ ಎಂದು ಹೊಸ ಜಾತಕ ಬರೆಸಿದ, ಎಲ್ಲಾದ್ರೂ ಬಾಯಿ ಬಿಟ್ಯಾ, ನೋಡು ಮತ್ತೆ, ಅಂದ.

ಬಿಟ್ಟಿದ್ದೆ, ಮದುವೆಯಾದ ವರ್ಷವೇ, ಹುಟ್ಟಿದ್ದು ಎಷ್ಟೊತ್ತಿಗೆ ಕೂಸೆ, ಅಂದರು ಭಾವ ಎಲೆ ಅಡಿಕೆಯ ಕವಳ ಹಾಕುತ್ತ, ಊಟಕ್ಕೆ ಬಾಳೆ ಹಾಕೋ ಹೊತ್ತಿಗಡ ಭಾವ, ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ, ಅವರು ಹೂಂ ಅಂದು ಎದ್ದರು, ಯಲ್ಲಾಪುರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಹಳೆಯ ಪಂಚಾಂಗಗಳನ್ನು ಅಟ್ಟದ ಮೇಲೆ ಕಟ್ಟಿಟ್ಟವರು. ವಾರ ಕಳೆದು ಮಳೆ ಬಿಟ್ಟ ಒಂದು ಸಂಜೆ ಅಂಗಳಕ್ಕೆ ಕರೆದು, ತಾವೇ ಮಾಡಿದ ದುರ್ಬೀನನ್ನು ತೆಂಕಣಕ್ಕೆ ತಿರುಗಿಸಿ, ನಿನ್ನ ನಕ್ಷತ್ರ ನೋಡು, ಕೆಂಪಗೆ ಕಂಡ್ತಾ, ಅದು ಒಂದಲ್ಲ, ಎರಡು, ಪಕ್ಕದಲ್ಲಿ ಸಣ್ಣದೊಂದು ಇದ್ದು, ದೊಡ್ಡದರ ಬೆಳಕಿಗೆ ಕಾಣ್ತಿಲ್ಲೆ, ಎರಡೂ ಸುತ್ತು ಹಾಕ್ತಾ ಎಷ್ಟು ಕಾಲ ಆತೇನ, ಒಂದರಿಂದ ಒಂದಕ್ಕೆ ಎಂತ ಕೇಡೂ ಆಜಿಲ್ಲೆ, ಅಂದರು. ನಾನು ಅನುರಾಧಾ ಎಂದುಕೊಂಡೇ ನೋಡಿದೆ, ಕೆಂಪು ಚುಕ್ಕೆ, ನೀರಿನಲ್ಲಿದ್ದ ಹಾಗೆ ಅಲುಗುತ್ತಿತ್ತು, ಪಕ್ಕದ್ದು ಕಾಣಲಿಲ್ಲ. ನಿನ್ನೆ ಸಂಜೆ ಭಾವ ನನ್ನ ಮಗಳು ಅಭಿಜ್ಞಾಳನ್ನು ಕೂರಿಸಿಕೊಂಡು ಹೇಳುತ್ತಿದ್ದರು, ಅನುರಾಧಾ ಬಿಳಿ, ಚೇಳಿನ ಎದೆಯಲ್ಲಿ ಕೆಂಪಗೆ ಇಪ್ಪದು ಜ್ಯೇಷ್ಠಾ, ನಾನು ಅಕ್ಕಿ ಆರಿಸುತ್ತಿದ್ದೆ, ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ, ಈಗ ಹೋಗುತ್ತಿದೆ — ನನಗೆ ತೋರಿಸಿದ್ದು ಕೆಂಪು. ಅಯ್ಯೋ, ಅಂದರೆ ಪಂಚಾಂಗ ತೆಗೆದು ನೋಡಿದ್ದಾರೆ, ಆವತ್ತೇ ಗೊತ್ತು, ಗೊತ್ತಿದ್ದೂ ಒಂಬತ್ತು ವರ್ಷ ನಾನು ಬಡಿಸಿದ್ದನ್ನು ಉಂಡರು, ತಮ್ಮನಿಗೂ ಹೇಳಲಿಲ್ಲ, ನಾನೊಬ್ಬಳೇ ಹೆದರಿ ಸತ್ತೆ. ಹೊತ್ತಾಗ್ತು ತಂಗಿ, ಭಟ್ಟರ ದನಿ, ಭಾವ ನನ್ನನ್ನೇ ನೋಡುತ್ತಿದ್ದಾರೆ, ಅವರಿಗೆ ಗಡಿಬಿಡಿಯಿಲ್ಲ, ಜ್ಯೇಷ್ಠಾ, ಅಂದೆ, ಹೋಮಕ್ಕೆ ಅಮೃತಬಳ್ಳಿ ತುಂಡು ಮಾಡುತ್ತಿದ್ದ ಅತ್ತೆಯ ಕೈ ನಿಂತಿತು, ನನ್ನ ಗಂಡ ತಿರುಗಿದರು, ಭಾವ ಮಣೆಯನ್ನು ಇಷ್ಟು ಸರಿಸಿ ನನಗೆ ಜಾಗ ಬಿಟ್ಟರು, ಸಮ ಇದ್ದು ಭಟ್ರೇ, ಮುಂದೆ ಹೇಳಿ, ಅಂದರು, ನನ್ನ ಕಣ್ಣ ತುಂಬ ನೀರು, ಅದರಾಚೆ ಹೋಮದ ಕೆಂಡ, ಕೆಂಪು ಚುಕ್ಕೆ, ಅಲುಗುತ್ತಿದೆ, ಪಕ್ಕದಲ್ಲಿ ಸಣ್ಣದೊಂದು