ಬೆವರಿನಲ್ಲಿ ಮರಳಿರುವುದಿಲ್ಲ

ಎಡಗಾಲು ಮುಗಿದಿತ್ತು. ವಸಂತಲಕ್ಷ್ಮಿ ವೇಡರನ್ನು ಮೇಜಿನ ಮೇಲೆ ಈಚೆ ಎಳೆದುಕೊಂಡು ಬಲಗಾಲಿಗೆ ಸ್ಪಿರಿಟ್ ಚಿಮುಕಿಸತೊಡಗಿದಳು. ಗಂಡ ದ್ವಾರಕಾನಾಥ ಹೊಳೆಯಲ್ಲಿ ನಿಂತು ಮೀನು ಹಿಡಿಯುವಾಗ ತೊಡುವ ಉಡುಪು ಅದು. ಪಾದದಿಂದ ಎದೆಯವರೆಗೆ ಒಂದೇ ತುಂಡು, ಹೆಗಲಿಗೆ ಎರಡು ಪಟ್ಟಿ. ಹೊರಗಿನ ನೀರು ಒಳಗೆ ಬರಬಾರದು, ಒಳಗಿನ ಬೆವರು ಮಾತ್ರ ಆವಿಯಾಗಿ ಹೊರಗೆ ಹೋಗಬೇಕು, ಅಂಥ ಬಟ್ಟೆ. ಒಳಮೈ ಹೊರಗಾಗುವಂತೆ ತಿರುವಿ ಸ್ಪಿರಿಟ್ ಹಾಕಿದರೆ ತೂತಿದ್ದ ಕಡೆ ಕಪ್ಪು ಚುಕ್ಕೆ ಮೂಡುತ್ತದೆ ಎಂದು ಎಲ್ಲೋ ಓದಿದ್ದಳು. ಈ ಪರದೇಶಕ್ಕೆ ಬರುವ ಮುಂಚೆ ಮೈಸೂರಿನ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವಳಿಗೆ ಇಂಥ ಪರೀಕ್ಷೆಗಳೆಂದರೆ ಈಗಲೂ ಇಷ್ಟ.

ಮೊಣಕಾಲು, ತೊಡೆ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು. ಗ್ಯಾರೇಜಿನ ಟ್ಯೂಬ್‌ಲೈಟಿನ ಕೆಳಗೆ ಬಗ್ಗಿ ನೋಡಿದಳು. ಒಂದು ಚುಕ್ಕೆಯೂ ಇರಲಿಲ್ಲ.

"ಲೀಕ್ ಆಗ್ತಿದೆ ವಸಂತಾ, ಒಳಗೆಲ್ಲ ಒದ್ದೆ. ಈ ಚಳಿಗೆ ಹೊಸದು ಬೇಕೇ ಬೇಕು. ನೀನೇ ನೋಡಿ ಒಳ್ಳೇದೊಂದು ಆರಿಸು," ಎಂದು ನಿನ್ನೆ ಸಂಜೆ ಅವನು ಹೇಳಿದ್ದ. ಮನೆಗೆ ಏನು ತರುವುದಿದ್ದರೂ ಆರಿಸುವವಳು ಅವಳೇ. ಮಿಕ್ಸಿಯೊಂದನ್ನು ಕೊಳ್ಳುವ ಮುಂಚೆ ಮೂರು ವಾರ ಓದಿದವಳು. ಹೊಸದನ್ನು ನೋಡುವ ಮೊದಲು ಹಳೆಯದರ ದೋಷ ತಿಳಿಯಬೇಕು ಎಂದು ಭಾನುವಾರ ಬೆಳಿಗ್ಗೆಯೇ ಬಾಟಲಿ ಹಿಡಿದು ಕೂತಿದ್ದಳು.

ಲೀಕಿಲ್ಲ. ಹಾಗಾದರೆ ಬೆವರಿರಬೇಕು. ಇನ್ನು ಉಳಿದಿದ್ದು ಕಾಲುಚೀಲದ ಹಾಗಿರುವ ಪಾದದ ಭಾಗ. ಕೈ ತೂರಿಸಿ ಅದನ್ನೂ ತಿರುವಿದಾಗ ಬೆರಳ ತುದಿಯ ಮೂಲೆಯಿಂದ ಅರ್ಧ ಚಮಚದಷ್ಟು ಬೂದು ಮರಳು ಮೇಜಿನ ಮೇಲೆ ಉದುರಿತು. ಎಡಪಾದದಿಂದಲೂ ಉದುರಿತು.

ಅವಳು ಅದನ್ನು ಬೆರಳುಗಳ ನಡುವೆ ಉಜ್ಜಿದಳು. ಬೆವರಿನಲ್ಲಿ ಮರಳಿರುವುದಿಲ್ಲ. ಕಣ್ಣಿಗೆ ಕಾಣದ ತೂತಿನಲ್ಲಿ ಮರಳು ನುಸುಳುವುದಿಲ್ಲ. ದಡದಲ್ಲಿ ಕೂತು ಹಾಕಿಕೊಳ್ಳುವಾಗ ಅಂಟಿತೆನ್ನೋಣವೆಂದರೆ, ಅವನು ವೇಡರ್ ಹಾಕುವುದೂ ಬಿಚ್ಚುವುದೂ ಈ ಗ್ಯಾರೇಜಿನಲ್ಲೇ. ಅದು ಅವಳದೇ ಕಾನೂನು. 2012ರಲ್ಲಿ ಆಫೀಸಿನ ವಾಲ್ಟರ್ ಈ ಹವ್ಯಾಸ ಹಚ್ಚಿಸಿದಾಗ, ಮೀನು ಮುಟ್ಟಿದ ಬಟ್ಟೆ ದೇವರ ಮನೆಯಿರುವ ಮನೆಯ ಹೊಸ್ತಿಲು ದಾಟಕೂಡದು ಎಂದಿದ್ದಳು. ಅದಕ್ಕೆಂದೇ ಬೇರೆ ಬಕೆಟ್ಟು, ಬೇರೆ ಬ್ರಷ್ಷು, ಪ್ರತಿ ಭಾನುವಾರ ತೊಳೆಯುವ ಕೆಲಸವೂ ತನ್ನದೇ. ಹೀಗೆ ಮಡಿ ಮಾಡಹೋಗಿ, ಅವನ ಶನಿವಾರಗಳೆಲ್ಲ ಅವಳ ಕೈಗೆ ಬಂದು ಬೀಳುತ್ತಿದ್ದವು. ಅದು ಅವನಿಗೆ ಹೊಳೆದೇ ಇರಲಿಲ್ಲ.

ಮೂರು ವಾರದಿಂದ ಹೊರಮೈಯ ಕೆಸರಿನ ಗೆರೆ ಸೊಂಟದ ಮೇಲಿತ್ತು. ನೀರು ಸಿಡಿದಿರಬೇಕು ಎಂದುಕೊಂಡಿದ್ದಳು. ಈಗ ಮರಳು. ಮರಳು ಪಾದಕ್ಕೆ ಇಳಿಯಬೇಕಾದರೆ ಎದೆಯ ಬಾಯಿಂದ ಹೊಳೆಯೇ ಒಳಗೆ ಬಂದಿರಬೇಕು.

ಅವನಿಗೆ ಈಜು ಬರುವುದಿಲ್ಲ.

ಆ ಮೊದಲ ವರ್ಷವೇ ಅಡುಗೆಮನೆಯಲ್ಲಿ ನಿಂತು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದ: "ಮಂಡಿ ನೀರು ದಾಟಲ್ಲ ಕಣೇ. ನಿನ್ನಾಣೆ." ಅವಳ ಅಜ್ಜಿ ಹೇಳುತ್ತಿದ್ದುದು ನೆನಪಿತ್ತು. ಸುಳ್ಳಾಣೆ ಹಾಕಿದರೆ ಕೇಡು ಹಾಕಿದವನಿಗಲ್ಲ, ಯಾರ ತಲೆ ಮುಟ್ಟಿದನೋ ಅವರಿಗೆ. ಅದನ್ನು ನಂಬುವ ವಯಸ್ಸು ದಾಟಿತ್ತು. ಆದರೂ ಕೈ ತಾನಾಗಿ ನೆತ್ತಿಯ ಕಡೆ ಹೋಯಿತು.

ಮರಳನ್ನು ಒಂದು ಕಾಗದದಲ್ಲಿ ಮಡಚಿಟ್ಟು, ಕೈ ತೊಳೆದು ಒಳಗೆ ಬಂದಳು. ದ್ವಾರಕಾನಾಥ ಲ್ಯಾಪ್‌ಟಾಪಿನ ಮುಂದೆ ಕೂತು ದೋಸೆ ತಿನ್ನುತ್ತಿದ್ದ.

"ರೀ, ಲೀಕೇನೂ ಇಲ್ಲ. ಪೂರ್ತಿ ನೋಡಿದೆ."

ಅವನು ತಲೆಯೆತ್ತಲಿಲ್ಲ. "ಇಲ್ವಾ? ಹಾಗಾದ್ರೆ ಬೆವರಿರ್ಬೇಕು. ಕಾಟನ್ ಪೈಜಾಮ ಹಾಕ್ಕೊಂಡಿದ್ದೆ ಒಳಗೆ. ಅದು ಹಿಡ್ಕೊಂಡುಬಿಡತ್ತಂತೆ ನೀರನ್ನ."

"ಈ ಚಳೀಲಿ ಅಷ್ಟು ಬೆವರಾ?"

"ನಡೀಬೇಕಲ್ಲ ಕಣೇ, ಕಲ್ಲಿನ ಮೇಲೆ. ಚಟ್ನಿ ಇದ್ಯಾ ಇನ್ನೂ?"

ಚಟ್ನಿ ಬಡಿಸಿದಳು. "ವಾಲ್ಟರ್ ಹೇಗಿದಾನೆ?"

"ಅವನಿಗೇನು! ನಿನ್ನೆ ಒಂದು ಸ್ಟೀಲ್‌ಹೆಡ್ ಮೀನು ಹಿಡಿದ. ಇಷ್ಟುದ್ದ. ಫೋಟೋ ತೆಗ್ಯೋಣ ಅನ್ನೋಷ್ಟರಲ್ಲಿ ಜಾರಿಹೋಯ್ತು."

ಕೈಯಗಲಿಸಿ ಅಳತೆ ತೋರಿಸಿದ. ಆ ಮುಖದಲ್ಲಿ ಏನೂ ಇರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವನು ಇಷ್ಟು ಸಲೀಸಾಗಿ ಮಾತಾಡಿದಾಗಲೆಲ್ಲ ನಿಜ ಹೇಳುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು.

ಮಧ್ಯಾಹ್ನ ಪಕ್ಕದ ಬೀದಿಯ ರಜನಿಯನ್ನು ಕಾರಿಗೆ ಹತ್ತಿಸಿಕೊಂಡು ಇಸ್ಸಾಕ್ವಾ ಎಂಬ ಪಕ್ಕದ ಊರಿನ ಕಡೆ ಹೊರಟಳು. ಅಲ್ಲಿ ಬೇಟೆಗೆ, ಮೀನು ಹಿಡಿಯಲು, ಬೆಟ್ಟ ಹತ್ತಲು ಬೇಕಾದ ಸಾಮಾನಿನ ಅಂಗಡಿಯೊಂದಿತ್ತು. ಅದರ ಪಕ್ಕದಲ್ಲೇ ನಮ್ಮವರ ದಿನಸಿ ಅಂಗಡಿ. ರಜನಿ ಉಡುಪಿಯವಳು. ಅವಳ ಗಂಡನೂ ಫ್ರೀಮಾಂಟಿನಲ್ಲಿ ದ್ವಾರಕಾನಾಥನ ಆಫೀಸಿನಲ್ಲೇ ಇದ್ದ.

"ಎಂತ ಮಾರಾಯ್ರೆ, ತಿನ್ನದವರಿಗೆ ಮೀನು ಯಾಕೆ?" ಎಂದು ಕಾರು ಇಳಿಜಾರು ಇಳಿಯುವ ಮೊದಲೇ ಶುರುಮಾಡಿದಳು. "ಹಿಡಿಯುವುದಂತೆ, ಮುತ್ತು ಕೊಟ್ಟು ಬಿಡುವುದಂತೆ! ನಮ್ಮೂರಲ್ಲಿ ಹಾಗೆ ಮಾಡಿ ಮನೆಗೆ ಬಂದ್ರೆ ಊಟ ಹಾಕ್ಲಿಕ್ಕಿಲ್ಲ."

"ಅಲ್ಲಿ ಬಿಡಲೇಬೇಕಂತೆ ಕಣೇ. ಕಾಯ್ದೆ."

"ನಿಮ್ಮ ಯಜಮಾನ್ರಿಗೆ ಒಳ್ಳೇದೇ ಆಯ್ತು. ಪಾಪವೂ ಇಲ್ಲ, ಸಾರೂ ಇಲ್ಲ. ಮತ್ತೆ ಈಗ ಯಾರೊಟ್ಟಿಗೆ ಹೋಗುವುದು?"

"ವಾಲ್ಟರ್ ಜೊತೆ. ಇನ್ಯಾರು?"

ರಜನಿ ತಿರುಗಿ ನೋಡಿದಳು. "ಯಾವ ವಾಲ್ಟರ್? ಬಿಳಿ ಗಡ್ಡದವರಾ? ಅವರಿಗೆ ಮೊಣಕಾಲು ಆಪರೇಷನ್ ಆಗಿ ತಿಂಗಳಾಯ್ತಲ್ಲ ವಸಂತಕ್ಕ. ನಮ್ಮ ಮನೆಯವರು ಮೊನ್ನೆ ನೋಡ್ಲಿಕ್ಕೆ ಹೋಗಿದ್ರು. ಊರುಗೋಲಲ್ಲಿ ಬಚ್ಚಲಿಗೆ ಹೋಗುವುದೇ ಕಷ್ಟ ಅಂತೆ."

ವೈಪರ್ ಗಾಜನ್ನು ಒರೆಸಿತು, ಮತ್ತೆ ಒರೆಸಿತು. ವಸಂತಲಕ್ಷ್ಮಿ ರಸ್ತೆಯನ್ನೇ ನೋಡುತ್ತ, "ಬೇರೆ ಯಾರೋ ಇರ್ಬೇಕು. ಹೆಸರು ನಂಗೇ ಮರೆತಿದೆ," ಎಂದಳು.

ರಜನಿ ದನಿ ತಗ್ಗಿಸಿ, "ವಸಂತಕ್ಕ, ಬೇಜಾರು ಮಾಡ್ಬೇಡಿ. ಈ ವಯಸ್ಸಲ್ಲಿ ಗಂಡಸರು..." ಎಂದಳು.

"ಹೆಂಗಸಿನ ಹತ್ರ ಹೋಗೋನು ಎದೆವರೆಗೂ ವೇಡರ್ ಹಾಕ್ಕೊಂಡು ಹೋಗ್ತಾನೇನೇ? ಬಿಚ್ಚೋದ್ರೊಳಗೆ ಬೆಳಗಾಗತ್ತೆ!"

ರಜನಿ ಬಿದ್ದು ಬಿದ್ದು ನಕ್ಕಳು. ವಸಂತಲಕ್ಷ್ಮಿಯೂ ನಕ್ಕಳು. ನಗುತ್ತಲೇ ಯೋಚಿಸಿದಳು: ಹೆಂಗಸೊಬ್ಬಳಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ ಅವಳಾದರೂ ದಡದಲ್ಲಿ ನಿಂತಿರುತ್ತಿದ್ದಳು. ಅವನು ಒಬ್ಬನೇ ಹೋಗುತ್ತಿದ್ದಾನೆ. ಒಬ್ಬನೇ ಹೋಗಿ, ಆಳಕ್ಕಿಳಿದು, ಬಿದ್ದು, ಎದ್ದು, ಮನೆಗೆ ಬಂದು, ಇಲ್ಲದ ವಾಲ್ಟರ್ ಹಿಡಿದ ಮೀನಿನ ಉದ್ದ ಹೇಳುತ್ತಿದ್ದಾನೆ. ಏತಕ್ಕೆ? ಸ್ನಾನದ ನೀರು ತುಸು ತಣ್ಣಗಿದ್ದರೆ ಕೂಗಾಡುವ ಮನುಷ್ಯ.

ಅಂಗಡಿಗೆ ಬಂದಾಗ ರಜನಿ, "ನೀವು ರಬ್ಬರು ನೋಡಿ, ನಾನು ಕರಿಬೇವು ನೋಡ್ತೇನೆ," ಎಂದು ಪಕ್ಕದ ದಿನಸಿ ಅಂಗಡಿಗೆ ಹೋದಳು.

ವೇಡರುಗಳು ಹಿಂದಿನ ಗೋಡೆಯುದ್ದಕ್ಕೂ ತಲೆಯಿಲ್ಲದ ಮನುಷ್ಯರಂತೆ ನೇತಾಡುತ್ತಿದ್ದವು. ಡೊನ್ನಾ ಎಂಬ ಹೆಸರಿನ ಬಿಲ್ಲೆ ತೊಟ್ಟ, ಅರವತ್ತು ದಾಟಿದ ಹೆಂಗಸು ಬಂದಳು. ವಸಂತಲಕ್ಷ್ಮಿ ಚೀಲದಿಂದ ನೋಟ್‌ಬುಕ್ ತೆಗೆದಳು.

"ಚಳಿಗೆ ಈ ದಪ್ಪದ್ದು ಒಳ್ಳೆಯದಲ್ಲವೇ? ಬೆಲೆಯೂ ಕಡಿಮೆ."

"ಅಲುಗಾಡದೆ ನಿಲ್ಲುವವರಿಗೆ ಒಳ್ಳೆಯದು," ಎಂದಳು ಡೊನ್ನಾ. "ನಡೆಯುವವರಾದರೆ ಅದರೊಳಗೇ ಬೆಂದುಹೋಗುತ್ತಾರೆ, ಆಮೇಲೆ ಆ ಬೆವರೇ ತಣ್ಣಗಾಗಿ ಕೊರೆಯುತ್ತದೆ. ಗಾಳಿಯಾಡುವುದನ್ನೇ ತೆಗೆದುಕೊಳ್ಳಿ, ಆದರೆ ಒಂದು ಅಳತೆ ದೊಡ್ಡದು. ಬೆಚ್ಚಗಿಡುವುದು ವೇಡರ್ ಅಲ್ಲ, ಅದರೊಳಗೆ ಹಾಕುವುದು. ಉಣ್ಣೆಯ ಪ್ಯಾಂಟು, ಉಣ್ಣೆಯ ಕಾಲುಚೀಲ. ಕಾಟನ್ ಬೇಡವೇ ಬೇಡ. ಕಾಲುಚೀಲ ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತವೆ."

ವಸಂತಲಕ್ಷ್ಮಿ ಎಲ್ಲವನ್ನೂ ಬರೆದುಕೊಂಡಳು. ಎಲ್ಲಕ್ಕಿಂತ ದುಬಾರಿಯದನ್ನು ಡೊನ್ನಾ ತಾನೇ ಬದಿಗೆ ಸರಿಸಿದಳು. ವಾರಕ್ಕೊಮ್ಮೆ ಹೋಗುವವರಿಗೆ ಅದು ಬೇಕಿಲ್ಲವಂತೆ. ಮಧ್ಯದ ಬೆಲೆಯದು, ಮೊಣಕಾಲಿಗೆ ಎರಡು ಪದರವಿರುವುದು, ಹರಿದರೆ ಕಂಪನಿಯವರೇ ದುರಸ್ತಿ ಮಾಡಿಕೊಡುವುದು ಸಾಕು ಎಂದಳು.

"ಅವರು ನಿಲ್ಲುವುದು ಮಂಡಿ ನೀರಿನಲ್ಲಿ," ಎಂದು ವಸಂತಲಕ್ಷ್ಮಿ ನಿಧಾನವಾಗಿ ಕೇಳಿದಳು. "ಸೊಂಟದವರೆಗಿನದು ಸಾಲುವುದಿಲ್ಲವೇ?"

ಡೊನ್ನಾ ನಕ್ಕಳು. "ಹೆಂಡತಿಯರ ಹತ್ತಿರ ಎಲ್ಲರೂ ಮಂಡಿ ನೀರಿನಲ್ಲೇ ನಿಲ್ಲುತ್ತಾರೆ."

"ಪಾದದೊಳಗೆ ಮರಳಿತ್ತು."

ನಗು ನಿಂತಿತು. "ಎರಡೂ ಪಾದದಲ್ಲೇ?"

"ಎರಡರಲ್ಲೂ."

"ಹಾಗಾದರೆ ಮೇಲಿಂದ ತುಂಬಿದೆ. ಬೆಲ್ಟ್ ಕಟ್ಟುತ್ತಾರಾ?"

ಬೆಲ್ಟು ಗ್ಯಾರೇಜಿನ ಮೊಳೆಯಲ್ಲಿ ತೂಗುತ್ತಿದ್ದುದು ವಸಂತಲಕ್ಷ್ಮಿಯ ಕಣ್ಣ ಮುಂದೆ ಬಂತು. ಹೊಟ್ಟೆ ಒತ್ತುತ್ತದೆ ಎಂದು ಎಂದೋ ತೆಗೆದಿಟ್ಟದ್ದು. ಅದಕ್ಕೆ ಜೇಡ ಬಲೆ ಕಟ್ಟಿತ್ತು.

"ಎದೆಯ ಕೆಳಗೆ ಬಿಗಿಯಾಗಿ ಬೆಲ್ಟಿದ್ದರೆ ಬಿದ್ದರೂ ಒಳಗೆ ಬರುವ ನೀರು ಸ್ವಲ್ಪ," ಎಂದಳು ಡೊನ್ನಾ. "ಇಲ್ಲದಿದ್ದರೆ ಕಾಲು ತುಂಬಿ ಭಾರವಾಗುತ್ತದೆ, ಏಳಲಾಗುವುದಿಲ್ಲ. ಚಳಿಗಾಲದ ನೀರಿನಲ್ಲಿ ಕೈ ಹಿಡಿತ ಬಿಡಲು ಹೆಚ್ಚು ಹೊತ್ತು ಬೇಡ. ಜೊತೆಗೆ ಯಾರಿರುತ್ತಾರೆ?"

"ಇರುತ್ತಾರೆ," ಎಂದಳು ವಸಂತಲಕ್ಷ್ಮಿ.

ಅವನ ಅಳತೆಗಿಂತ ಒಂದು ದೊಡ್ಡದನ್ನೂ ಹೊಸ ಬೆಲ್ಟನ್ನೂ ಡೊನ್ನಾ ಕೌಂಟರಿಗೆ ಒಯ್ದಳು. ಮೂಲೆಯಲ್ಲಿ ಗಿರಾಕಿಗಳು ವಾಪಸು ಕೊಟ್ಟ ಸಾಮಾನಿನ ಸಾಲಿತ್ತು. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯಲ್ಲಿ ವಾಪಸಿನ ಕಾರಣ. ಹೆಂಗಸರ ವೇಡರ್ ಒಂದು ಅಲ್ಲಿ ತೂಗುತ್ತಿತ್ತು, ಅರ್ಧ ಬೆಲೆಗೆ. 'ಲೀಕ್ ಆಗುತ್ತದೆ. ಒಂದು ಗಂಟೆಯಲ್ಲಿ ಒಳಗೆ ಒದ್ದೆ' ಎಂದು ಯಾರೋ ಬರೆದಿದ್ದರು.

"ಲೀಕಿಲ್ಲ ಅದು, ನಾವು ನೋಡಿದ್ದೇವೆ," ಎಂದಳು ಡೊನ್ನಾ. "ಜೀನ್ಸ್ ಮೇಲೆ ಹಾಕಿಕೊಂಡು ಬೆಟ್ಟ ಹತ್ತಿದ್ದಳು. ಬೆವರು."

ವಸಂತಲಕ್ಷ್ಮಿ ಪಾದದ ಭಾಗದೊಳಗೆ ಮೊಣಕೈವರೆಗೂ ಕೈ ಹಾಕಿ ಬೆರಳ ತುದಿಯ ಮೂಲೆಯನ್ನು ತಡಕಿದಳು. ಮರಳಿರಲಿಲ್ಲ.

"ಹಾಕಿ ನೋಡಬಹುದೇ?"

ಪರದೆಯ ಹಿಂದೆ ಸಲ್ವಾರಿನ ಮೇಲೇ ಏರಿಸಿಕೊಂಡಳು. ಡೊನ್ನಾ ಹೇಳಿದಂತೆ ಕುಕ್ಕುರು ಕೂತು ಎದ್ದಳು, ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟಳು. ಎಲ್ಲೂ ಹಿಡಿಯಲಿಲ್ಲ. ಎದೆಯ ಕೆಳಗೆ ಅದರದೇ ಬೆಲ್ಟ್ ಬಿಗಿದಳು, ಉಸಿರು ಬಿಟ್ಟು ಇನ್ನೊಂದು ಸುತ್ತು ಬಿಗಿದಳು. ಕನ್ನಡಿಯಲ್ಲಿ ಕಂಡವಳನ್ನು ನೋಡಿ ನಗು ಬರಬೇಕಿತ್ತು, ಬರಲಿಲ್ಲ. ಮೈಸೂರಿನ ಯೂನಿವರ್ಸಿಟಿ ಈಜುಕೊಳದಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ಉದ್ದಕ್ಕೂ ಇಪ್ಪತ್ತು ಸಲ ಈಜುತ್ತಿದ್ದ ಹುಡುಗಿಯ ಭುಜಗಳು ಇನ್ನೂ ಅಲ್ಲೇ ಇದ್ದವು. ಮದುವೆಯಾದ ಮೇಲೆ ಅದರ ಮಾತೇ ಬಂದಿರಲಿಲ್ಲ. ಅವನು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಅದನ್ನು ಸುಳ್ಳೆನ್ನಲಾಗುವುದೇ? ಗೊತ್ತಿಲ್ಲ.

ರಜನಿ ಕರಿಬೇವಿನ ಕಟ್ಟು, ಹಲಸಿನ ಹಪ್ಪಳ ಹಿಡಿದು ಬರುವಷ್ಟರಲ್ಲಿ ಕಾರಿನ ಡಿಕ್ಕಿಯಲ್ಲಿ ಒಂದು ದೊಡ್ಡ ಚೀಲವೂ, ಅದರ ಹಿಂದೆ ಮಳೆ ಕೋಟಿನಡಿ ಇನ್ನೊಂದೂ ಇದ್ದವು. ಅವಳಿಗೆ ಮುಂದಿನದು ಮಾತ್ರ ಕಂಡಿತು.

ಸಂಜೆ ದ್ವಾರಕಾನಾಥ ಗ್ಯಾರೇಜಿನಲ್ಲಿ ಹೊಸದನ್ನು ತೊಟ್ಟು ಮಗುವಿನ ಹಾಗೆ ಅತ್ತಿತ್ತ ನಡೆದ. "ಭಲೇ! ಹಗುರ ಇದೆ. ಒಳಗೆ ಸ್ವೆಟರ್ ಪ್ಯಾಂಟು ಹಾಕಿದ್ರೂ ಜಾಗ ಇದೆ. ನೀನು ಬಿಡು, ಆರಿಸೋದ್ರಲ್ಲಿ ನಿನ್ನ ಬಿಟ್ರಿಲ್ಲ."

"ಬೆಲ್ಟ್ ಕಟ್ಟಿ ನೋಡಿ."

"ಮಂಡಿ ನೀರಿಗೆ ಬೆಲ್ಟ್ ಯಾತಕ್ಕೆ ವಸಂತಾ?"

"ಇರ್ಲಿ ಅಂತ."

"ಮುದುಕರ ಥರ," ಎಂದು ಅವನು ಹೊಸ ಬೆಲ್ಟನ್ನು ಹಳೆಯದರ ಪಕ್ಕದ ಮೊಳೆಗೆ ಸಿಕ್ಕಿಸಿದ. "ಶನಿವಾರ ವಾಲ್ಟರ್ ನೋಡಿದ್ರೆ ಹೊಟ್ಟೆ ಉರ್ಕೊಳ್ತಾನೆ."

ಈಗ ಕೇಳಬಹುದಿತ್ತು. ಕಾಗದದ ಪೊಟ್ಟಣ ಅವಳ ಸ್ವೆಟರಿನ ಜೇಬಿನಲ್ಲೇ ಇತ್ತು. ಬಿಚ್ಚಿ ಮೇಜಿನ ಮೇಲೆ ಸುರಿದಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ನಕ್ಕು, ಮತ್ತೊಂದು ಕಥೆ ಹೇಳುತ್ತಾನೆ, ಮತ್ತೆ ತಲೆಯ ಮೇಲೆ ಕೈಯಿಡುತ್ತಾನೆ. ಆಮೇಲಿನ ಶನಿವಾರಗಳಲ್ಲಿ ಮರಳನ್ನು ಅಲ್ಲೇ ಕೊಡವಿ ಬರುವುದನ್ನು ಕಲಿಯುತ್ತಾನೆ. ಈಗ ಕಾಣುವಷ್ಟೂ ಕಾಣದ ಹಾಗಾಗುತ್ತದೆ.

"ಊಟಕ್ಕೆ ಬನ್ನಿ," ಎಂದಷ್ಟೇ ಅಂದಳು.

ಅವನು ಒಳಗೆ ಹೋದ ಮೇಲೆ ಕಾರಿನಿಂದ ಇನ್ನೊಂದು ಚೀಲ ತೆಗೆದಳು. ಗ್ಯಾರೇಜಿನ ಮೇಲಟ್ಟದಲ್ಲಿ ದಸರಾ ಗೊಂಬೆಗಳ ಪೆಟ್ಟಿಗೆಯಿತ್ತು. ನವರಾತ್ರಿ ಬರುವತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ಸೀರೆಗಳಲ್ಲಿ ಸುತ್ತಿದ ರಾಜ ರಾಣಿಯರನ್ನು ಪಕ್ಕಕ್ಕೆ ಸರಿಸಿ, ಹೆಂಗಸರ ವೇಡರನ್ನು ಮಡಿಸದೆ ಸುರುಳಿ ಸುತ್ತಿ ಇಟ್ಟಳು. ಅದರ ಮೇಲೆ ಬೆಲ್ಟು. ಮುಚ್ಚಳ ಹಾಕಿದಳು.

ಶನಿವಾರ ಅವನು ಆರೂವರೆಗೆ ಹೊರಡುತ್ತಾನೆ. ಹೊಳೆಯ ಸೇತುವೆಯಾಚೆ ಅವನು ಕಾರು ನಿಲ್ಲಿಸುವ ಜಾಗ ಅವಳಿಗೆ ಗೊತ್ತು. ಮೊದಲ ವರ್ಷ ಅವನೇ ಕರೆದೊಯ್ದು ತೋರಿಸಿದ್ದ. ಅರ್ಧ ಗಂಟೆ ಬಿಟ್ಟು ತಾನೂ ಹೊರಡಬೇಕು. ಒಳಗೆ ಉಣ್ಣೆ, ಎದೆಯ ಕೆಳಗೆ ಬೆಲ್ಟು. ದಡದ ಮರಗಳ ಹಿಂದೆ ನಿಂತು, ನೀರು ಅವನ ಮೈಯಲ್ಲಿ ಎಲ್ಲಿಯವರೆಗಿದೆ ಎಂದು ಕಣ್ಣಾರೆ ನೋಡಬೇಕು. ಮಂಡಿಯವರೆಗಿದ್ದರೆ ಸದ್ದಿಲ್ಲದೆ ಹಿಂದಿರುಗಿ, ಅವನು ಬರುವಷ್ಟರಲ್ಲಿ ಕುಕ್ಕರಿಡುವುದು. ಅದಕ್ಕಿಂತ ಮೇಲಿದ್ದರೆ ಕೂಗುವುದಿಲ್ಲ, ಬೆಚ್ಚಿ ಜಾರಿಯಾನು. ಸುಮ್ಮನೆ ಇಳಿದು, ಅವನಿರುವಲ್ಲಿಗೆ ನಡೆದು ಹೋಗಿ ಪಕ್ಕದಲ್ಲಿ ನಿಲ್ಲುವುದು.

ಒಳಗಿನಿಂದ ಅವನು ಕೂಗಿದ: "ವಸಂತಾ, ಏನ್ಮಾಡ್ತಿದೀಯ ಅಲ್ಲಿ ಚಳೀಲಿ?"

"ಬಂದೆ, ಬಕೆಟ್ ತೊಳೀತಿದೀನಿ," ಎಂದು ಹೇಳಿ ಅವಳು ದೀಪ ಆರಿಸಿದಳು.