ದಡ ಮುಟ್ಟದ ಹಗ್ಗ

ಹಗ್ಗ ದಡ ಮುಟ್ಟಲಿಲ್ಲ. ಸಿಕ್ಕುಸಿಕ್ಕಾಗಿ ಹಡಗಿನ ಪಕ್ಕದಲ್ಲೇ ನೀರಿಗೆ ಬಿತ್ತು. ಅದನ್ನು ಹಿಡಿಯಲು ಬಂದರಿನ ಕಟ್ಟೆಯ ಮೇಲೆ ನಿಂತವನು ಮಾಸ್ಕಿನೊಳಗೇ ನಕ್ಕಿದ್ದು ಹಗ್ಗ ಎಸೆದ ಕೆಡೆಟ್ ಹುಡುಗಿಗೆ ಅಷ್ಟು ದೂರದಿಂದಲೂ ಗೊತ್ತಾಯಿತು. ಹಡಗನ್ನು ಕಟ್ಟೆಗೆ ಬಿಗಿಯಬೇಕಾದರೆ ಮೊದಲು ಈ ಸಣ್ಣ ಹಗ್ಗವನ್ನು ಕೈಯಲ್ಲಿ ಸುರುಳಿ ಸುತ್ತಿ ದಡಕ್ಕೆ ಎಸೆಯಬೇಕು, ಇದರ ಬಾಲ ಹಿಡಿದು ದಪ್ಪ ಹಗ್ಗ ಹೋಗಬೇಕು. ಈಗ ಅವಳೊಬ್ಬಳಿಂದ ಅಷ್ಟೂ ಕೆಲಸ ನಿಂತಿತ್ತು.

ಕ್ಯಾಪ್ಟನ್ ಕೂಗಾಡುವ ಆಸಾಮಿಯಲ್ಲ, ಅದೇ ಕಷ್ಟ. ಮುಂದಿನ ಬಂದರಿನಲ್ಲೂ ಹೀಗಾದರೆ ಗಂಟುಮೂಟೆ ಕಟ್ಟಿಕೋ ಎಂದು ಮೆಲ್ಲಗೆ ಹೇಳಿ ಹೋದರು. ಸೋಂಕಿನ ಕಾಲದಲ್ಲಿ ಕಲಿಯುವವರನ್ನು ಹತ್ತಿಸಿಕೊಳ್ಳುವ ಹಡಗಾದರೂ ಎಲ್ಲಿದೆ? ಇದೊಂದಕ್ಕೇ ಅವಳು ಕಾದು ಕಾದು ಹೈರಾಣಾಗಿದ್ದಳು. ಇಳಿದರೆ ಇನ್ನೊಂದು ಸಿಗುವುದು ಕನಸಿನ ಮಾತು.

ತರಗತಿಗಳು ಮುಚ್ಚಿದ್ದರಿಂದ ಅವಳ ಪಾಠವೆಲ್ಲ ಆಗಿದ್ದು ಅಮ್ಮನ ಅಡುಗೆಮನೆಯಲ್ಲಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು. ಪರದೆಯಲ್ಲಿ ಮೇಷ್ಟ್ರು ಹಗ್ಗ ಸುತ್ತಿದಂತೆ ಇವಳು ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು ಸುತ್ತಿದ್ದೇ ಸುತ್ತಿದ್ದು. ಒಗೆದ ಬಟ್ಟೆ ನಿನ್ನ ತಲೆ ಮೇಲೆ ಹರವಲೇನೇ ಎಂದು ಅಮ್ಮ ರೇಗುತ್ತಿದ್ದಳು. ಆ ಪ್ಲಾಸ್ಟಿಕ್ ಹಗ್ಗವೋ, ಯಾವ ಕಡೆ ಸುತ್ತಿದರೂ ತಕರಾರಿಲ್ಲದೆ ಕೂರುತ್ತಿತ್ತು.

ಮರುದಿನ ಡೆಕ್ಕಿನ ಮೇಸ್ತ್ರಿ ಅವಳನ್ನು ಕರೆದು ಸುತ್ತಿ ತೋರಿಸು ಎಂದ. ನೋಡಿ ಹಣೆ ಚಚ್ಚಿಕೊಂಡ. ತಾನೇ ಎದುರು ನಿಂತು ಸುತ್ತಿ ತೋರಿಸಿದರೂ ಅವಳದು ಮತ್ತೆ ಅದೇ ಎಡವಟ್ಟು.

"ಎದುರಿಗೆ ನಿಂತು ನೋಡ್ಬೇಡಮ್ಮ. ಪಕ್ಕಕ್ಕೆ ಬಾ," ಎಂದ ಮೇಸ್ತ್ರಿ.

ದೂರ ನಿಲ್ಲಬೇಕೆಂಬ ನಿಯಮ ಇಬ್ಬರಿಗೂ ಮರೆತೇಹೋಯಿತು. ಭುಜಕ್ಕೆ ಭುಜ ತಾಗುವಂತೆ ನಿಂತಾಗ ಕಂಡಿತು: ಅವನ ಕೈ ಒಂದು ಕಡೆ ಸುತ್ತುತ್ತಿದ್ದರೆ ಇವಳದು ತದ್ವಿರುದ್ಧ. ಮೇಷ್ಟ್ರು ಬಲಕ್ಕೆ ಸುತ್ತಿದ್ದು ಎದುರು ಕೂತವಳಿಗೆ ಎಡಕ್ಕೆ ಕಂಡಿತ್ತು, ಅಷ್ಟೇ. ಹಡಗಿನದು ಹೊಸೆದ ಹುರಿಹಗ್ಗ, ಅದನ್ನು ಹುರಿಗೆ ಉಲ್ಟಾ ಸುತ್ತಿದರೆ ಸಿಕ್ಕಾಗದೆ ಇನ್ನೇನಾದೀತು? ತರಗತಿಯಲ್ಲಾಗಿದ್ದರೆ ಮೇಷ್ಟ್ರು ಹಿಂದೆ ಬಂದು ನಿಂತು ಕೈ ತಿದ್ದುತ್ತಿದ್ದರು. ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

ಮುಂದಿನ ಬಂದರಿನಲ್ಲಿ ಹಗ್ಗ ಸರಾಗವಾಗಿ ಬಿಚ್ಚಿಕೊಂಡು ಹಾರಿ, ಕಟ್ಟೆಯವನ ತಲೆಯನ್ನೇ ದಾಟಿ ಬಿತ್ತು. ಕ್ಯಾಪ್ಟನ್ ಹೊಗಳಲಿಲ್ಲ, ಮುಂದಿನ ಪ್ರಯಾಣದ ಪಾಳಿಗೆ ಅವಳನ್ನೂ ಸೇರಿಸಿದರು. ಅವಳಿಗೆ ಹೋದ ಜೀವ ಬಂದಂತಾಯಿತು.

ಸಿಗ್ನಲ್ ಸಿಕ್ಕಿದ್ದೇ ತಡ, ಮೇಷ್ಟ್ರಿಗೆ ಫೋನ್ ಮಾಡಿದಳು. ಅವರ ಹಿಗ್ಗು ಹೇಳತೀರದು. ನಾನು ಕಲಿಸಿದ್ದು ಕೆಲಸಕ್ಕೆ ಬಂತಾ ಎಂದು ಎರಡೆರಡು ಸಲ ಕೇಳಿದರು. ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ನಂತರ ಪಾಠಕ್ಕೆ ಸೇರಿದವರು ಇನ್ನೂ ಅದೇ ಪರದೆಯ ಮುಂದೆ ಕೂತು ಹಗ್ಗ ಸುತ್ತುತ್ತಿದ್ದಾರಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ನಡೆದದ್ದನ್ನೆಲ್ಲ ಹೇಳಿದಳು.



"ಒಬ್ಬರ ಕೈಯನ್ನೂ ನಾನು ಹತ್ತಿರದಿಂದ ನೋಡ್ಲಿಲ್ಲ ಕಣಮ್ಮ," ಎಂದರು ಮೇಷ್ಟ್ರು. "ನಾಳೆಯಿಂದ ಮಕ್ಕಳಿಗೆ ಬೆನ್ನು ತಿರುಗಿಸಿ ಕೂತು ಪಾಠ ಮಾಡ್ತೀನಿ."